ಅವು ಅಸ್ಥಿಕಲಶಗಳಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಹೊರದೇಶಗಳ ವಸ್ತುಸಂಗ್ರಹಾಲಯಗಳನ್ನು ಕುರಿತ ಚಿತ್ರಪುಟವೊಂದು ಬಂದಿತ್ತು. ಅದರಲ್ಲಿ ಕಾಲು ಮಡಚಿ ಕುಳಿತು, ಮಂಡಿಗಳ ಮೇಲೆ ಕೈಯಿಟ್ಟುಕೊಂಡು, ತನ್ನ ಮುಖಕ್ಕಿಂತಲೂ ದೊಡ್ಡದಾದ ಶಿರೋಭೂಷಣ ಹೊತ್ತಿರುವ ಬೂದುಬಣ್ಣದ ಮಣ್ಣಿನ ಮೂರ್ತಿಯ ಚಿತ್ರವಿತ್ತು. ಅದರ ಕೆಳಗೆ, ‘ಮೆಕ್ಸಿಕೊದ ಪ್ರಾಚೀನ ಜಪೋಟೆಕ್ ಜನರ ಅಸ್ಥಿಕಲಶ. ಸತ್ತವರ ಚಿತಾಭಸ್ಮವನ್ನು ಇದರಲ್ಲಿ ತುಂಬಿಡುತ್ತಿದ್ದರು’ ಎಂಬ ವಿವರಣೆ ಅಚ್ಚಾಗಿತ್ತು. ಚಿತ್ರ ಸೊಗಸಾಗಿತ್ತು, ವಿವರಣೆ ಮಾತ್ರ ತಪ್ಪಾಗಿತ್ತು. ಶಾಲೆಯ ಮಕ್ಕಳೂ, ಸ್ಪರ್ಧಾತ್ಮಕ ಪರೀಕ್ಷೆಗಳಿಗೆಂದು ಪತ್ರಿಕೆಯ ತುಣುಕುಗಳನ್ನು ಕತ್ತರಿಸಿಟ್ಟುಕೊಳ್ಳುವ ತರುಣರೂ ನಿಮ್ಮ ಓದುಗರಾಗಿರುವುದರಿಂದ ಇದನ್ನು ತಿದ್ದಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಮೂರು ದಶಕ ಪ್ರೌಢಶಾಲೆಯಲ್ಲಿ ಇತಿಹಾಸ ಹೇಳಿದವನ ಚಾಳಿಯೆಂದುಕೊಂಡರೂ ಸರಿಯೇ, ಪತ್ರ ಉದ್ದವಾಗಿದೆ. ಕತ್ತರಿ ಆಡಿಸುವ ಹಕ್ಕು ತಮ್ಮದು.

ಈ ಮೂರ್ತಿಗಳ ನೆಲೆ ದಕ್ಷಿಣ ಮೆಕ್ಸಿಕೊದ ವಹಾಕಾ ಕಣಿವೆ. ಆ ಕಣಿವೆಯ ನಡುವೆ, ತಳದಿಂದ ಸುಮಾರು 400 ಮೀಟರ್ ಎತ್ತರದ ಬೆಟ್ಟದ ನೆತ್ತಿಯನ್ನು ಸಮತಟ್ಟು ಮಾಡಿ, ಕ್ರಿ.ಪೂ. 500ರ ಹೊತ್ತಿಗೆ ಜಪೋಟೆಕ್ ಜನರು ನೆಲೆಗೊಳಿಸಿದ ನಗರ ಮೊಂಟೆ ಅಲ್ಬಾನ್. ಸಾವಿರದ ಮುನ್ನೂರು ವರ್ಷಗಳಷ್ಟು ಕಾಲ ಬಾಳಿ, ಕ್ರಿ.ಶ. 800ರ ನಂತರ ಅದು ಬರಿದಾಗುತ್ತ ಬಂತು. ನಮ್ಮ ಹಂಪಿ 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು, ಮೊಂಟೆ ಅಲ್ಬಾನ್ ಅದರ ಮರುವರ್ಷ ಸೇರಿತು. ಜಪೋಟೆಕ್ ಜನರು ನಗರದೊಂದಿಗೆ ಅಳಿದುಹೋದವರಲ್ಲ. ಆ ಭಾಷೆಗಳನ್ನಾಡುವ ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ ಇಂದಿಗೂ ಮೆಕ್ಸಿಕೊದಲ್ಲಿದ್ದಾರೆ. ವಿವರಣೆಯಲ್ಲಿದ್ದ ‘ಪ್ರಾಚೀನ ಜನ’ ಎಂಬ ಮಾತನ್ನು ಓದಿದವರಿಗೆ ಅವರೆಲ್ಲ ಎಂದೋ ಇಲ್ಲವಾದರು ಎನ್ನಿಸುವ ಸಂಭವವಿರುವುದರಿಂದ ಇಷ್ಟನ್ನು ಹೇಳಿದೆ.

ತಪ್ಪು ಹುಟ್ಟಿದ್ದು ಹೆಸರಿನಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಗೋರಿಗಳನ್ನು ಅಗೆದವರು, ಸತ್ತವರ ಬಳಿ ಸಿಕ್ಕ ಪಾತ್ರೆಯಲ್ಲಿ ಸತ್ತವರ ಬೂದಿಯೇ ಇದ್ದಿರಬೇಕೆಂದು ಊಹಿಸಿ, ಯುರೋಪಿನ ರೂಢಿಯಂತೆ ಸ್ಪ್ಯಾನಿಷಿನಲ್ಲಿ ‘ಉರ್ನಾ’, ಇಂಗ್ಲಿಷಿನಲ್ಲಿ ‘ಅರ್ನ್’ ಎಂದು ಕರೆದರು. ಹೆಸರು ಅಂಟಿಕೊಂಡಿತು. ಆದರೆ ಈ ಪಾತ್ರೆಗಳಲ್ಲಿ ಚಿತಾಭಸ್ಮ ಸಿಕ್ಕಿಲ್ಲ, ಹೆಚ್ಚಿನವು ಬರಿದಾಗಿಯೇ ಸಿಕ್ಕಿವೆ. ಅಲ್ಲಿಯ ಸಿರಿವಂತ ಮನೆತನಗಳು ತಮ್ಮವರನ್ನು ಸುಡದೆ, ವಾಸದ ಮನೆಯ ಅಂಗಳದ ಕೆಳಗೆ ಕಲ್ಲಿನಲ್ಲಿ ಕಟ್ಟಿದ ನೆಲಕೋಣೆಯಲ್ಲಿ ಮಲಗಿಸುತ್ತಿದ್ದರು. ಕೆಲವು ಗೋರಿಗಳಿಗೆ ಮೆಟ್ಟಿಲುಗಳಿದ್ದವು, ಮನೆಯಲ್ಲಿ ಮತ್ತೊಂದು ಸಾವಾದಾಗ ಬಾಗಿಲ ಕಲ್ಲನ್ನು ಸರಿಸಿ ಅದೇ ಕೋಣೆಗೆ ಮತ್ತೆ ಇಳಿಯುತ್ತಿದ್ದರು. ಮಣ್ಣಿನ ಮೂರ್ತಿ ಬಾಗಿಲ ಮೇಲಿನ ಗೂಡಿನಲ್ಲಿಯೋ, ಒಳಗೋಡೆಯ ಗೂಡಿನಲ್ಲಿಯೋ, ನೆಲದ ಮೇಲೆ ಶವದ ಬಳಿಯೋ ಇರುತ್ತಿತ್ತು. ಗೋರಿಗೆ ಸಂಬಂಧವೇ ಇಲ್ಲದಂತೆ ಗುಡಿಗಳ ನೆಲದಡಿಯಲ್ಲಿ, ಕಟ್ಟಡಗಳ ಬುನಾದಿಯಲ್ಲಿ ಕಾಣಿಕೆಯಾಗಿ ಹೂಳಿಟ್ಟವೂ ಸಿಕ್ಕಿವೆ. ಹಾಗಾದರೆ ಒಳಗೇನು ಇಡುತ್ತಿದ್ದರು? ನೀರು, ಧೂಪ, ಆಹಾರ ಎಂದು ಬಗೆಬಗೆಯ ಸಲಹೆಗಳು ಬಂದಿವೆ, ಎಲ್ಲರೂ ಒಪ್ಪಿದ ಉತ್ತರ ಬಂದಿಲ್ಲ. ಕನ್ನಡದಲ್ಲಿ ‘ಮೂರ್ತಿಪಾತ್ರೆ’ ಎಂದರೆ ಅರ್ಥಕ್ಕೆ ಚ್ಯುತಿ ಬಾರದೆಂದು ನನಗೆ ತೋರುತ್ತದೆ. ಈ ಪತ್ರದಲ್ಲಿ ಅದನ್ನೇ ಬಳಸುತ್ತೇನೆ.

ಪುರವಣಿಯ ಚಿತ್ರ ಮುಂಭಾಗದ್ದು. ಇದಕ್ಕೆ ನಿಮ್ಮನ್ನು ದೂರುವಂತಿಲ್ಲ, ಎಲ್ಲರೂ ಮುಂಭಾಗವನ್ನೇ ಅಚ್ಚು ಹಾಕುತ್ತಾರೆ. ದೊಡ್ಡ ವಸ್ತುಸಂಗ್ರಹಾಲಯಗಳು ಈಗ ತಮ್ಮ ಸಂಗ್ರಹದ ಚಿತ್ರಗಳನ್ನು ಅಂತರ್ಜಾಲದಲ್ಲಿ ಇಟ್ಟಿವೆ, ಕೆಲವಕ್ಕೆ ಬದಿಯಿಂದ, ಹಿಂದಿನಿಂದ ತೆಗೆದ ಚಿತ್ರಗಳೂ ಇವೆ. ಒಮ್ಮೆ ಹಿಂದಿನಿಂದ ನೋಡಬೇಕು. ಮುಂದೆ ಕುಂಡಲ, ಎದೆಯ ಪದಕ, ಗರಿಗಳ ಸಾಲು, ಚೂಪಾದ ಹಲ್ಲು ಎಂದು ಒಂದಂಗುಲವೂ ಬಿಡದೆ ಕೆಲಸ ನಡೆದಿದ್ದರೆ, ಹಿಂದೆ ಇರುವುದು ಅಲಂಕಾರವೇ ಇಲ್ಲದ ನೆಟ್ಟನೆಯ ಕೊಳವೆಯಂತಹ ಪಾತ್ರೆ, ನಮ್ಮ ಮನೆಗಳ ದೊಡ್ಡ ಲೋಟದ ಆಕಾರದ್ದು. ಅದಕ್ಕೆ ಮುಂದಿನಿಂದ ಮೂರ್ತಿಯನ್ನು ಅಂಟಿಸಿರುತ್ತಾರೆ. ಮೂರ್ತಿಯ ಶಿರೋಭೂಷಣ ಎಷ್ಟು ಎತ್ತರ, ಎಷ್ಟು ಅಗಲವಿರುತ್ತದೆಂದರೆ, ಎದುರು ನಿಂತವನಿಗೆ ಹಿಂದೆ ಪಾತ್ರೆಯಿರುವುದೇ ತಿಳಿಯುವುದಿಲ್ಲ. ಗೂಡಿನಲ್ಲಿಟ್ಟು ಎದುರಿನಿಂದ ಮಾತ್ರ ನೋಡುವ ವಸ್ತುವಿಗೆ ಬೆನ್ನನ್ನು ಅಲಂಕರಿಸುವ ಶ್ರಮವನ್ನು ಯಾವ ಕುಂಬಾರ ತಾನೇ ತೆಗೆದುಕೊಂಡಾನು?

ಆ ಖಂಡದಲ್ಲಿ ಸ್ಪೇನಿನವರು ಬರುವವರೆಗೆ ನಮ್ಮ ತಿಗರಿಯಂತಹದು ಇರಲಿಲ್ಲ. ಪಾತ್ರೆಯನ್ನು ಕೈಯಲ್ಲೇ ಎಬ್ಬಿಸಿ, ಮಣ್ಣಿನ ತಗಡುಗಳನ್ನೂ ಸುರುಳಿಗಳನ್ನೂ ಗುಂಡುಗಳನ್ನೂ ಒಂದರ ಮೇಲೊಂದು ಹಚ್ಚಿ, ಹಸಿಯಿರುವಾಗಲೇ ಕೊರೆದು, ಆವಿಗೆಯಲ್ಲಿ ಸುಟ್ಟು ಬೂದುಬಣ್ಣ ಬರಿಸುತ್ತಿದ್ದರು. ನಂತರದ ಕಾಲದಲ್ಲಿ ಕೆಲವು ಭಾಗಗಳಿಗೆ ಅಚ್ಚುಗಳೂ ಬಂದವು. ಸುಟ್ಟ ಮೇಲೆ ಬಳಿದ ಕೆಂಪು ಬಣ್ಣದ ಉಳಿಕೆ ಕೆಲವುಗಳ ಸಂದಿಗೊಂದಿಗಳಲ್ಲಿ ಇನ್ನೂ ಕಾಣುತ್ತದೆ. ಅಂಗೈ ಅಗಲದಿಂದ ಹಿಡಿದು ಕುಳಿತ ಮಗುವಿನಷ್ಟು ಎತ್ತರದವರೆಗೆ ಅಳತೆಗಳಿವೆ. ಮೊಂಟೆ ಅಲ್ಬಾನಿನ ಬುಡದಲ್ಲಿರುವ ಆತ್ಸೊಂಪಾ ಎಂಬ ಊರಿನಲ್ಲಿ ಇಂದಿಗೂ ಮನೆಮನೆಯಲ್ಲಿ ಕುಂಬಾರಿಕೆ ನಡೆಯುತ್ತದೆ.

ಇನ್ನು ಮೂರ್ತಿ ಯಾರದ್ದು? ಬಹಳಷ್ಟು ಮೂರ್ತಿಗಳಲ್ಲಿ ಸೀಳುನಾಲಿಗೆ, ದಪ್ಪ ಮೂತಿ, ಕಣ್ಣಿನ ಸುತ್ತ ಕಟ್ಟಿದ ಭಾರವಾದ ಪಟ್ಟಿ ಕಾಣುತ್ತವೆ. ಇವು ಕೊಸೀಹೊನ ಗುರುತುಗಳು. ಕೊಸೀಹೊ ಎಂದರೆ ಮಿಂಚು, ಅದರೊಡನೆ ಬರುವ ಮಳೆ. ಹುವಾನ್ ದೆ ಕೋರ್ದೊವಾ ಎಂಬ ಡೊಮಿನಿಕನ್ ಪಾದ್ರಿ 1578ರಲ್ಲಿ ಜಪೋಟೆಕ್ ಭಾಷೆಯ ನಿಘಂಟನ್ನೂ ವ್ಯಾಕರಣವನ್ನೂ ಅಚ್ಚು ಹಾಕಿಸಿದನು. 260 ದಿನಗಳ ಅವರ ಪಂಚಾಂಗದಲ್ಲಿ 65 ದಿನಗಳ ನಾಲ್ಕು ಭಾಗಗಳಿದ್ದವೆಂದೂ, ಆ ಭಾಗಗಳಿಗೂ ಕೊಸೀಹೊ ಎಂಬ ಹೆಸರೇ ಇತ್ತೆಂದೂ ಅವನಿಂದ ತಿಳಿಯುತ್ತದೆ. ಮಳೆ ಕೈಕೊಟ್ಟರೆ ಮೆಕ್ಕೆಜೋಳ ಒಣಗಿ ನಿಲ್ಲುವ ನಾಡಿನಲ್ಲಿ ಕಾಲಕ್ಕೂ ಮಳೆಗೂ ಒಂದೇ ಹೆಸರಾದದ್ದು ಕೊಪ್ಪಳ, ರಾಯಚೂರಿನ ಎರೆಭೂಮಿಯ ರೈತನಿಗೆ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಶಿರೋಭೂಷಣದಲ್ಲಿ ಮೆಕ್ಕೆಜೋಳದ ತೆನೆಗಳನ್ನು ಸಿಕ್ಕಿಸಿಕೊಂಡ ಮೂರ್ತಿಗಳೂ ಇವೆ, ಬಾವಲಿಯ ಮುಖದವೂ ಜಾಗ್ವಾರಿನ ಮುಖದವೂ ಇವೆ.

ಮೊಂಟೆ ಅಲ್ಬಾನನ್ನು 1931ರಿಂದ ವ್ಯವಸ್ಥಿತವಾಗಿ ಅಗೆಸಿದ ಆಲ್ಫೊನ್ಸೊ ಕಾಸೊ ಮತ್ತು ಅವರ ಜೊತೆಗಾರ ಇಗ್ನಾಸಿಯೊ ಬೆರ್ನಾಲ್ 1952ರಲ್ಲಿ ಈ ಮೂರ್ತಿಪಾತ್ರೆಗಳನ್ನು ಕುರಿತ ದೊಡ್ಡ ಗ್ರಂಥವನ್ನು ಹೊರತಂದರು. ಶಿರೋಭೂಷಣ, ಮುಖವಾಡ, ಎದೆಯ ಮೇಲಿನ ಲಿಪಿಚಿಹ್ನೆಗಳನ್ನು ನೋಡಿ ಅವರು ಒಂದೊಂದನ್ನೂ ಒಬ್ಬೊಬ್ಬ ದೇವತೆಯೆಂದು ವಿಂಗಡಿಸಿದರು. ಅಮೆರಿಕದ ಜಾಯ್ಸ್ ಮಾರ್ಕಸ್ ಅವರಂತಹ ನಂತರದ ವಿದ್ವಾಂಸರು ಇದನ್ನು ಒಪ್ಪಲಿಲ್ಲ. ಹಲವು ಮೂರ್ತಿಗಳ ಮೇಲೆ ಪಂಚಾಂಗದ ದಿನದ ಹೆಸರುಗಳಿವೆ. ಹುಟ್ಟಿದ ದಿನದ ಹೆಸರನ್ನು ಇಟ್ಟುಕೊಳ್ಳುವುದು ಮನುಷ್ಯರ ರೂಢಿ. ಆದ್ದರಿಂದ ಇಲ್ಲಿ ಕುಳಿತಿರುವವರು ದೇವರಲ್ಲ, ಕೊಸೀಹೊನ ಮುಖವಾಡ ತೊಟ್ಟ ಮನೆತನದ ಹಿರಿಯರು ಎಂಬುದು ಅವರ ವಾದ. ಮುಖವಾಡದ ಕೆಳಗೆ ಶಾಂತವಾದ ಮನುಷ್ಯಮುಖ ಸ್ಪಷ್ಟವಾಗಿ ಕಾಣುವ ಮೂರ್ತಿಗಳನ್ನು ನೋಡಿದಾಗ ನನಗೂ ಈ ವಾದವೇ ಹೆಚ್ಚು ಸರಿಯೆನ್ನಿಸುತ್ತದೆ. ಹಿರಿಯರ ಹಬ್ಬದಲ್ಲಿ ಎಡೆಯಿಡುವ ನಾವು ಹಿರಿಯರಿಗೂ ದೇವರಿಗೂ ನಡುವೆ ಎಲ್ಲಿ ಗೆರೆ ಎಳೆಯುತ್ತೇವೆಂದು ಯಾರಾದರೂ ಕೇಳಿದರೆ ನಾನಂತೂ ತಡವರಿಸುತ್ತೇನೆ.

ಮಣ್ಣಿನ ಮಳೆದೇವರೆಂದಾಗ ಜೋಕುಮಾರನನ್ನು ನೆನೆಯದೆ ಇರಲಾರೆ. ಆ ಜನರಿಗೂ ನಮಗೂ ಸಂಬಂಧವಿತ್ತೆಂದು ನಾನು ಹೇಳುತ್ತಿಲ್ಲ, ಅಂಥ ಕಥೆಗಳನ್ನು ಕಟ್ಟುವವರಿಂದ ದೂರವಿರುವುದೇ ಲೇಸು. ಭಾದ್ರಪದದಲ್ಲಿ ಗಣಪತಿ ಹೋದ ಬಳಿಕ ಜೋಕುಮಾರ ಹುಟ್ಟುತ್ತಾನೆ. ದೊಡ್ಡ ಕಣ್ಣು, ತೆರೆದ ಬಾಯಿ, ಮೀಸೆ. ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಅವನನ್ನು ಕೂಡ್ರಿಸಿ, ಹೆಣ್ಣುಮಕ್ಕಳು ತಲೆಯ ಮೇಲೆ ಹೊತ್ತು ಮನೆಮನೆಗೆ ಹಾಡುತ್ತ ಬರುತ್ತಾರೆ. ನನ್ನ ತಾಯಿ ಅವನ ಬಾಯಿಗೆ ಬೆಣ್ಣೆ ಸವರಿ, ಮೊರದಲ್ಲಿ ತಂದ ಜೋಳವನ್ನು ಅವರ ಉಡಿಗೆ ಸುರಿಯುತ್ತಿದ್ದರು. ಬುಟ್ಟಿ ಕೆಳಗಿಳಿದಾಗ ನಾವು ಹುಡುಗರು ಹಿಂದಕ್ಕೆ ಹೋಗಿ ನೋಡುತ್ತಿದ್ದೆವು. ಜೋಕುಮಾರನ ಬೆನ್ನು ಬರಿಯ ಮಣ್ಣಿನ ಮುದ್ದೆ, ಅದರ ಮೇಲೆ ಮಾಡಿದವರ ಬೆರಳುಗಳ ಗುರುತು ಹಾಗೆಯೇ ಉಳಿದಿರುತ್ತಿತ್ತು. ಏಳು ದಿನ ಬಾಳಿ ಅವನು ಸಾಯುತ್ತಾನೆ, ಭೂಮಿಯ ಕಷ್ಟವನ್ನು ಶಿವನಿಗೆ ಮುಟ್ಟಿಸಿ ಮಳೆ ತರುತ್ತಾನೆಂಬುದು ನಂಬಿಕೆ.

ಈಗ ಒಬ್ಬ ಪರದೇಶದವನು ಬಂದು ಬುಟ್ಟಿ, ಬೇವು, ಹಾಡು, ತಿಥಿ, ಹೊತ್ತ ಹೆಣ್ಣುಮಕ್ಕಳು ಇಷ್ಟನ್ನೂ ಬಿಟ್ಟು, ಆ ಮಣ್ಣಿನ ಗೊಂಬೆಯನ್ನಷ್ಟೇ ಒಯ್ದು ಗಾಜಿನ ಪೆಟ್ಟಿಗೆಯಲ್ಲಿಟ್ಟು ‘ಮಣ್ಣಿನ ಗೊಂಬೆ, ಕರ್ನಾಟಕ’ ಎಂದು ಚೀಟಿ ಅಂಟಿಸಿದನೆನ್ನಿ. ನೂರು ವರ್ಷದ ಮೇಲೆ ಅದನ್ನು ನೋಡಿದವರು ಜೋಕುಮಾರನ ಬಗ್ಗೆ ಏನು ತಿಳಿದಾರು? ವಸ್ತುಸಂಗ್ರಹಾಲಯಗಳಲ್ಲಿರುವ ಎಷ್ಟೋ ಜಪೋಟೆಕ್ ಮೂರ್ತಿಪಾತ್ರೆಗಳ ಸ್ಥಿತಿ ಇದೇ. ನಿಮ್ಮ ಚಿತ್ರಪುಟದಲ್ಲಿ ಮೂರ್ತಿ ಈಗ ಯಾವ ನಗರದಲ್ಲಿದೆ ಎಂಬುದಿತ್ತು, ಯಾವ ಊರಿನ ಯಾವ ಗೋರಿಯ ಯಾವ ಮೂಲೆಯಲ್ಲಿ ಸಿಕ್ಕಿತು ಎಂಬುದಿರಲಿಲ್ಲ. ಅದು ನಿಮ್ಮ ಬಳಿ ಮಾತ್ರವಲ್ಲ, ಬಹುಶಃ ಆ ಸಂಗ್ರಹಾಲಯದ ಬಳಿಯೂ ಇರಲಿಕ್ಕಿಲ್ಲ.

ಸಿಕ್ಕ ಜಾಗ ಗೊತ್ತಿದ್ದರೆ ಎಷ್ಟು ತಿಳಿಯಬಹುದೆಂಬುದಕ್ಕೆ ಮೊಂಟೆ ಅಲ್ಬಾನಿನ 104ನೆಯ ಗೋರಿಯನ್ನು ನೋಡಬಹುದು. ಬಾಗಿಲ ಮೇಲಿನ ಗೂಡಿನಲ್ಲಿ ಕೊಸೀಹೊನ ಶಿರೋಭೂಷಣ ತೊಟ್ಟ ಮೂರ್ತಿಪಾತ್ರೆ, ಬಾಗಿಲಿಗೆ ಕೆತ್ತನೆಯ ಕಲ್ಲು, ಒಳಗೋಡೆಗಳ ಮೇಲೆ ಬಣ್ಣದ ಚಿತ್ರಗಳು. ಇವೆಲ್ಲ ಇದ್ದ ಜಾಗದಲ್ಲೇ ಇದ್ದು ದಾಖಲಾದುದರಿಂದ, ಕಲ್ಲಿನ ಮೇಲಿನ ಹೆಸರಿಗೂ ಗೋಡೆಯ ಚಿತ್ರಕ್ಕೂ ಮೂರ್ತಿಗೂ ಇರುವ ನಂಟನ್ನು ಕುರಿತು ವಿದ್ವಾಂಸರು ವಾದಿಸಬಲ್ಲರು. ಮೂರ್ತಿಪಾತ್ರೆಗಳು ಅನೇಕ ಸಲ ಒಂಟಿಯಾಗಿರದೆ ಗುಂಪಾಗಿ, ನಡುವೆ ದೊಡ್ಡದೊಂದು, ಅಕ್ಕಪಕ್ಕ ಚಿಕ್ಕವು ಎಂಬಂತೆ ಇರುತ್ತಿದ್ದವು. ಚಿಕ್ಕವನ್ನು ಸ್ಪ್ಯಾನಿಷಿನಲ್ಲಿ ‘ಜೊತೆಗಾರರು’ ಎಂದೇ ಕರೆಯುತ್ತಾರೆ. ಗೋರಿಯನ್ನು ಕದ್ದು ಅಗೆದವನು ದೊಡ್ಡದನ್ನು ಒಬ್ಬನಿಗೆ, ಚಿಕ್ಕವನ್ನು ಬೇರೆ ಬೇರೆಯವರಿಗೆ ಮಾರಿದರೆ ಒಂದೇ ಗೋರಿಯ ಕುಟುಂಬ ಮೂರು ದೇಶಗಳಿಗೆ ಚದುರುತ್ತದೆ. ಅವು ಒಂದು ಕಾಲಕ್ಕೆ ಜೊತೆಗಿದ್ದವೆಂದು ಹೇಳಲು ಆಮೇಲೆ ಯಾವ ಆಧಾರವೂ ಉಳಿಯುವುದಿಲ್ಲ.

ಚದುರಿದ್ದು ಹೇಗೆ ಎಂಬುದು ದೊಡ್ಡ ಗುಟ್ಟೇನಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬರ್ಲಿನ್, ಪ್ಯಾರಿಸ್, ಲಂಡನ್, ನ್ಯೂಯಾರ್ಕ್‌ಗಳ ಸಂಗ್ರಹಾಲಯಗಳು ಪೈಪೋಟಿಯಲ್ಲಿ ವಸ್ತುಗಳನ್ನು ತುಂಬಿಕೊಳ್ಳುತ್ತಿದ್ದವು. ಅಮೆರಿಕದ ಮಾರ್ಷಲ್ ಸ್ಯಾವಿಲ್ ಅವರಂತೆ ತಾವೇ ಅಗೆಸಿ, ಎಲ್ಲಿ ಸಿಕ್ಕಿತೆಂದು ಬರೆದಿಟ್ಟವರೂ ಇದ್ದರು. ಆದರೆ ಬಹಳಷ್ಟು ಮೂರ್ತಿಗಳು ಮಾರಾಟಗಾರರ ಕೈಯಿಂದ ಖಾಸಗಿ ಸಂಗ್ರಹಕ್ಕೆ, ಅಲ್ಲಿಂದ ಸಂಗ್ರಹಾಲಯಕ್ಕೆ ಹೋದವು. ವಹಾಕಾದಲ್ಲೇ ನೆಲೆಸಿದ್ದ ಫರ್ನಾಂಡೊ ಸೊಲೊಗುರೆನ್ ಎಂಬ ವೈದ್ಯರೂ, ಬ್ರಿಟಿಷ್ ಸರ್ಕಾರದ ಪ್ರತಿನಿಧಿಯಾಗಿದ್ದ ಕಾನ್‌ಸ್ಟಂಟೈನ್ ರಿಕರ್ಡ್ಸ್ ಎಂಬವರೂ ದೊಡ್ಡ ಸಂಗ್ರಹಕಾರರು. ಸೊಲೊಗುರೆನ್ ಅವರ ಸಂಗ್ರಹ ಮೆಕ್ಸಿಕೊದ ರಾಷ್ಟ್ರೀಯ ಸಂಗ್ರಹಾಲಯಕ್ಕೆ ಹೋಯಿತು, ರಿಕರ್ಡ್ಸ್ ಅವರ ವಸ್ತುಗಳು ಕೆನಡಾದ ಟೊರಾಂಟೊದಲ್ಲಿರುವ ರಾಯಲ್ ಒಂಟಾರಿಯೊ ಮ್ಯೂಸಿಯಂ ಸೇರಿದವು. ಪ್ರಾಚೀನ ಸ್ಮಾರಕಗಳು ರಾಷ್ಟ್ರದ ಸ್ವತ್ತೆಂದು ಮೆಕ್ಸಿಕೊ 1897ರಲ್ಲಿಯೇ ಕಾನೂನು ಮಾಡಿತ್ತು. ಕಾನೂನು ಪುಸ್ತಕದಲ್ಲಿತ್ತು, ಪೆಟ್ಟಿಗೆಗಳು ರೈಲು ಹತ್ತುತ್ತಿದ್ದವು.

ಕೊಳ್ಳುವವರು ಹೆಚ್ಚಿ ಗೋರಿಗಳು ಸಾಲದಾದಾಗ ಏನಾಗಬೇಕೋ ಅದೇ ಆಯಿತು. ಸ್ಥಳೀಯ ಕುಶಲಕರ್ಮಿಗಳು ಹೊಸ ‘ಪ್ರಾಚೀನ’ ಮೂರ್ತಿಗಳನ್ನು ಮಾಡತೊಡಗಿದರು. ಮಣ್ಣು ಅದೇ ಕಣಿವೆಯದು, ಕೈ ಅದೇ ಕುಂಬಾರರ ಪರಂಪರೆಯದು, ಕಣ್ಣೆದುರಿಗೆ ಮಾದರಿಗಳೂ ಇದ್ದವು. ಹಳೆಯ ಒಡೆದ ತುಂಡುಗಳಿಗೆ ಹೊಸ ಭಾಗ ಕೂಡಿಸಿ ಮಾಡಿದವೂ ಇವೆ. ಕೊಂಡವರು ಹತ್ತಾರು ವರ್ಷ ಅವನ್ನು ಅಸಲಿಯೆಂದೇ ಪ್ರದರ್ಶಿಸಿದರು, ವಿದ್ವಾಂಸರು ಅವುಗಳ ಮೇಲೆ ಲೇಖನಗಳನ್ನೂ ಬರೆದರು. ಯಾವುದೋ ಮೂರ್ತಿಯ ಎದೆಯ ಚಿಹ್ನೆಯನ್ನು ನೋಡಿ ಇನ್ನೊಬ್ಬ ಹೊಸ ದೇವತೆಯೇ ಇದ್ದಳೆಂದು ನಿರ್ಧರಿಸುವುದು, ಆ ಮೂರ್ತಿ 1900ರ ಆಸುಪಾಸಿನಲ್ಲಿ ಯಾರದೋ ಹಿತ್ತಲಲ್ಲಿ ಸುಟ್ಟದ್ದಾಗಿರುವುದು, ಇಂಥ ಪ್ರಮಾದಕ್ಕೆ ದಾರಿ ತೆರೆದೇ ಇತ್ತು.

ಇದು ಬಯಲಾದ ಬಗೆಯನ್ನು ವಿಜ್ಞಾನದ ವಿದ್ಯಾರ್ಥಿಗಳಿಗಾಗಿ ಸ್ವಲ್ಪ ವಿವರಿಸುತ್ತೇನೆ. ಜೇಡಿಮಣ್ಣಿನಲ್ಲಿರುವ ಬೆಣಚುಕಲ್ಲಿನ ಸಣ್ಣ ಹರಳುಗಳು, ಸುತ್ತಲಿನ ಮಣ್ಣಿನ ಸಹಜ ವಿಕಿರಣದಿಂದ ಚೂರುಚೂರೇ ಶಕ್ತಿಯನ್ನು ತಮ್ಮೊಳಗೆ ಹಿಡಿದಿಟ್ಟುಕೊಳ್ಳುತ್ತವೆ. ಆವಿಗೆಯ ಬಿಸಿಯಲ್ಲಿ ಆವರೆಗಿನ ಸಂಗ್ರಹವೆಲ್ಲ ಖಾಲಿಯಾಗಿ, ಲೆಕ್ಕ ಸೊನ್ನೆಯಿಂದ ಮತ್ತೆ ಶುರುವಾಗುತ್ತದೆ. ಮೂರ್ತಿಯ ಕಾಣದ ಭಾಗದಿಂದ ಚಿಟಿಕೆಯಷ್ಟು ಪುಡಿಯನ್ನು ಕೊರೆದು ತೆಗೆದು, ಪ್ರಯೋಗಾಲಯದಲ್ಲಿ ಮತ್ತೆ ಕಾಯಿಸಿದರೆ, ಅದು ಹೊರಸೂಸುವ ಮಂದ ಬೆಳಕಿನ ಪ್ರಮಾಣದಿಂದ ಕೊನೆಯ ಸಲ ಸುಟ್ಟು ಎಷ್ಟು ಕಾಲವಾಯಿತೆಂದು ಅಂದಾಜು ಮಾಡಬಹುದು. ಇದಕ್ಕೆ ಥರ್ಮೊಲ್ಯೂಮಿನೆಸೆನ್ಸ್, ನಮ್ಮ ಮಾತಿನಲ್ಲಿ ಉಷ್ಣದೀಪ್ತಿ, ಎಂದು ಹೆಸರು. ಸಾವಿರದ ಐನೂರು ವರ್ಷದ ಮಡಕೆಗೂ ನೂರು ವರ್ಷದ ಮಡಕೆಗೂ ಇರುವ ಅಂತರ ಇದರಲ್ಲಿ ಅಡಗುವುದಿಲ್ಲ. ಫಿಲಿಪ್ಪಾ ಶಾಪ್ಲಿನ್ ಎಂಬ ವಿದುಷಿ ವಹಾಕಾದ ಮಣ್ಣಿನ ಮೂರ್ತಿಗಳಿಗೆ ಈ ಪರೀಕ್ಷೆಯನ್ನು ಮಾಡಿಸಿ, ಶೈಲಿಯೊಡನೆ ಹೋಲಿಸಿ 1978ರಲ್ಲಿ ಪ್ರಕಟಿಸಿದ ಮೇಲೆ, ಸಂಗ್ರಹಾಲಯಗಳಲ್ಲಿ ಗೌರವದಿಂದ ಕುಳಿತಿದ್ದ ಹಲವು ಮೂರ್ತಿಗಳು ಇತ್ತೀಚಿನವೆಂದು ತಿಳಿದುಬಂತು. ಟೊರಾಂಟೊದ ಸಂಗ್ರಹಾಲಯವು ತನ್ನಲ್ಲಿದ್ದ ನಕಲಿಯನ್ನು ಮುಚ್ಚಿಡದೆ, ಅದು ಹೇಗೆ ಬಂತು, ಹೇಗೆ ನಂಬಿಸಿತು ಎಂಬುದನ್ನು ಸಂಶೋಧಕರಿಂದ ಬರೆಸಿ ಪ್ರಕಟಿಸಿದೆ. ಅದು ಮೆಚ್ಚತಕ್ಕ ಕೆಲಸ. ಇಲ್ಲಿ ಗಮನಿಸಬೇಕಾದದ್ದೊಂದಿದೆ. ಪುರಾತತ್ವಜ್ಞರ ಕಣ್ಣೆದುರು ಗೋರಿಯಿಂದ ಹೊರಬಂದ ಮೂರ್ತಿಯ ಅಸಲಿತನವನ್ನು ಯಾರೂ ಪ್ರಶ್ನಿಸುವುದಿಲ್ಲ, ಅದಕ್ಕೆ ಪುಡಿ ಕೊರೆಯುವ ಪ್ರಸಂಗವೂ ಬರುವುದಿಲ್ಲ. ಸಿಕ್ಕ ಜಾಗ ಬರೆಯದವು ಮಾತ್ರ ಇಂದಿಗೂ ಸಂಶಯದ ನೆರಳಿನಲ್ಲಿವೆ.

ಇದನ್ನು ನಮ್ಮ ಕಡೆಯ ಒಂದು ಉದಾಹರಣೆಯೊಡನೆ ಇಟ್ಟು ನೋಡಿ. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಸೀಮೆಯ ಗುಡ್ಡಗಳಲ್ಲಿ ಅಲೆದು ಕಲ್ಲಿನ ಕೊಡಲಿಗಳನ್ನೂ ಮಡಕೆಯ ಚೂರುಗಳನ್ನೂ ಕೂಡಿಹಾಕಿದರು. 1904ರಲ್ಲಿ ಅವರ ಸಂಗ್ರಹ ಮದರಾಸಿನ ಸರ್ಕಾರಿ ಸಂಗ್ರಹಾಲಯಕ್ಕೆ ಹೋಯಿತು. ಅವರು 1912ರಲ್ಲಿ ತೀರಿಕೊಂಡರು. ಅವರು ಸಿದ್ಧಪಡಿಸಿದ್ದ ಪಟ್ಟಿ 1914ರಲ್ಲಿ, ಅದರ ಮೇಲಿನ ಟಿಪ್ಪಣಿಗಳು 1916ರಲ್ಲಿ ಅಚ್ಚಾದವು. ಅದರಲ್ಲಿ ವಸ್ತುಗಳನ್ನು ಸಿಕ್ಕ ಊರಿನ ಪ್ರಕಾರವೇ ಜೋಡಿಸಲಾಗಿದೆ. ನಮ್ಮ ವಸ್ತುಗಳು ಚೆನ್ನೈನಲ್ಲಿರುವುದರ ಬಗ್ಗೆ ಆಗಾಗ ಬೇಸರದ ಮಾತು ಕೇಳಿಬರುತ್ತದೆ. ಆ ಬೇಸರ ನನಗೂ ಇದೆ. ಆದರೂ ಊರಿನ ಹೆಸರು ಹೊತ್ತು ದೂರದಲ್ಲಿರುವ ಚೂರು, ಊರಿನ ಹೆಸರಿಲ್ಲದೆ ಹತ್ತಿರದಲ್ಲಿರುವ ಇಡೀ ಗಡಿಗೆಗಿಂತ ಹೆಚ್ಚು ಬೆಲೆಯುಳ್ಳದ್ದೆಂದು ನನ್ನ ಅಭಿಪ್ರಾಯ. ಇದನ್ನು ಒಪ್ಪದವರು ಬಹಳ ಮಂದಿ ಇರಬಹುದು. ಆ ಫೂಟ್ ಅವರ ಹೆಸರಿನಲ್ಲಿ ಈಗ ಬಳ್ಳಾರಿಯಲ್ಲೇ ಪುರಾತತ್ವ ಸಂಗ್ರಹಾಲಯವಾಗಿರುವುದು ಸಂತೋಷದ ಸಂಗತಿ. ಸಂಗನಕಲ್ಲಿನ ಗುಡ್ಡದಲ್ಲಿ ಸಿಕ್ಕದ್ದನ್ನು ಸಂಗನಕಲ್ಲಿನ ಪಕ್ಕದಲ್ಲೇ ನೋಡುವ ಅವಕಾಶ ನಮ್ಮ ಮಕ್ಕಳಿಗೆ ದೊರೆತಿದೆ.

‘ಅಸ್ಥಿಕಲಶ’ ಎಂಬ ಮಾತಿಗೆ ಹತ್ತಿರವಾದ ಗಡಿಗೆಗಳು ಬೇಕಿದ್ದರೆ ಮೆಕ್ಸಿಕೊವರೆಗೆ ಹೋಗಬೇಕಿಲ್ಲ, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯವರೆಗೆ ಹೋದರೆ ಸಾಕು. 1960ರ ದಶಕದಲ್ಲಿ ಅಲ್ಲಿಯ ಗುಡ್ಡದಲ್ಲಿ ಉತ್ಖನನ ನಡೆದಾಗ, ನವಶಿಲಾಯುಗದ ಜನರು ಸತ್ತ ಶಿಶುಗಳನ್ನು ಗಡಿಗೆಯಲ್ಲಿಟ್ಟು ಹೂಳುತ್ತಿದ್ದರೆಂಬುದು ತಿಳಿಯಿತು. ಸುಟ್ಟ ಬೂದಿಯಲ್ಲ, ಮಗುವಿನ ಮೂಳೆಗಳೇ. ಅದು ತಿಳಿದದ್ದು, ಅಗೆದವರು ಗಡಿಗೆಯೊಳಗಿನ ಮಣ್ಣನ್ನು ಬೆರಳಿನಿಂದ, ಕುಂಚದಿಂದ ನಿಧಾನವಾಗಿ ಬಿಡಿಸಿ ನೋಡಿದ್ದರಿಂದ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು, ಈ ಪತ್ರ ಬರೆಯಲು ನಿಜವಾದ ಕಾರಣವೂ ಅದೇ. 1987ರ ಮಳೆಗಾಲ ಮುಗಿದ ಮೇಲೆ ಶಾಲೆಯ ಹುಡುಗರನ್ನು ಕರೆದುಕೊಂಡು ಹತ್ತಿರದ ಒಂದು ಗುಡ್ಡಕ್ಕೆ ಹೋಗಿದ್ದೆ. ಹಿರೇಬೆಣಕಲ್ಲಿನ ಮೊರೇರ ಗುಡ್ಡದ ಕಲ್ಲುಮನೆಗಳಂತೆ ಹೆಸರಾದ ಜಾಗವಲ್ಲ, ಕುರಿ ಕಾಯುವವರಷ್ಟೇ ತಿರುಗಾಡುವ ಜಾಗ. ನೀರು ಕೊರೆದ ಕೊರಕಲಿನ ದಂಡೆಯಲ್ಲಿ ಒಂದು ಗಡಿಗೆಯ ಬಾಯಿ ಹೊರಗೆ ಕಾಣುತ್ತಿತ್ತು. ಒಳಗೆ ಕಪ್ಪು, ಹೊರಗೆ ಮೇಲ್ಭಾಗ ಕಪ್ಪಾಗಿ ಕೆಳಭಾಗ ಕೆಂಪಾಗಿದ್ದ, ಉಜ್ಜಿದಂತೆ ನುಣುಪಾದ ಗಡಿಗೆ. ಶಿಲಾಸಮಾಧಿಗಳ ಕಾಲದ್ದೆಂದು ಪಾಠದ ಪುಸ್ತಕದ ಚಿತ್ರದಿಂದಲೇ ಗುರುತು ಹಿಡಿದೆ. ಹುಡುಗರ ಮುಂದೆ ನನ್ನ ಉತ್ಸಾಹಕ್ಕೆ ಮಿತಿಯಿರಲಿಲ್ಲ. ಕೋಲಿನಿಂದ ಸುತ್ತ ಬಿಡಿಸಿ, ಎಳೆದು ತೆಗೆದು, ವಲ್ಲಿಯಲ್ಲಿ ಕಟ್ಟಿಕೊಂಡು ಶಾಲೆಗೆ ತಂದೆ. ಅದರ ಜೊತೆ ಇನ್ನೇನಿತ್ತೆಂದು ನೋಡಲಿಲ್ಲ. ಎಷ್ಟು ಆಳದಲ್ಲಿತ್ತೆಂದು ಅಳೆಯಲಿಲ್ಲ. ಗಡಿಗೆಯ ತುಂಬ ಗಟ್ಟಿಯಾಗಿ ಮಣ್ಣು ತುಂಬಿತ್ತು. ಚೆನ್ನಾಗಿ ಕಾಣಲೆಂದು ಅದನ್ನು ಶಾಲೆಯ ನಲ್ಲಿಯ ಕೆಳಗೆ ಹಿಡಿದು, ತೆಂಗಿನ ನಾರು ಹಾಕಿ ಒಳಗೂ ಹೊರಗೂ ತಿಕ್ಕಿ ತೊಳೆದೆ. ಆಮೇಲೆ ಕಪಾಟಿನಲ್ಲಿಟ್ಟು, ‘ಗುಡ್ಡದಲ್ಲಿ ಸಿಕ್ಕಿದ್ದು’ ಎಂದು ಬರೆದ ಚೀಟಿಯನ್ನು ಅಂಟಿಸಿದೆ. ಯಾವ ಗುಡ್ಡ ಎಂದು ಬರೆಯಬೇಕೆಂದೂ ಹೊಳೆಯಲಿಲ್ಲ, ಏಕೆಂದರೆ ನನಗೆ ಗೊತ್ತಿತ್ತಲ್ಲ!

ನೂರು ವರ್ಷಕ್ಕಿಂತ ಹಳೆಯದಾದ ಇಂಥ ವಸ್ತುಗಳಿಗಾಗಿ ನಮ್ಮಲ್ಲಿ 1972ರ ಪ್ರಾಚ್ಯವಸ್ತು ಕಾಯಿದೆಯಿದೆ, ಅದಕ್ಕೂ ಹಿಂದೆ 1878ರಿಂದಲೇ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕೆಂಬ ಕಾಯಿದೆಯಿದೆ. ಮೆಕ್ಸಿಕೊ ತನ್ನ ಈಗಿನ ಸ್ಮಾರಕ ಕಾನೂನನ್ನು ಮಾಡಿದ್ದೂ 1972ರಲ್ಲಿಯೇ. ಇತಿಹಾಸದ ಶಿಕ್ಷಕನಾಗಿ ನನಗೆ ಅದು ಗೊತ್ತಿರಬೇಕಿತ್ತು. ಗೊತ್ತಿರಲಿಲ್ಲ. ಮುಂದೆ ಆ ಕಪಾಟು ಎರಡು ಕೋಣೆ ಬದಲಾಯಿಸಿತು, ಚೀಟಿಯ ಅಂಟು ಬಿಟ್ಟು ಬಿದ್ದುಹೋಯಿತು. ಕಳೆದ ವರ್ಷ ಹೋಗಿ ನೋಡಿದಾಗ ಗಡಿಗೆಯಲ್ಲಿ ಹಳೆಯ ಸೀಮೆಸುಣ್ಣದ ತುಂಡುಗಳಿದ್ದವು. ಈಗಿನ ಶಿಕ್ಷಕರು ಅದನ್ನು ಯಾರೋ ಕುಂಬಾರರಿಂದ ತಂದ ಗಡಿಗೆಯೆಂದು ತಿಳಿದಿದ್ದರು. ಅವರದೇನೂ ತಪ್ಪಿಲ್ಲ. ವಹಾಕಾದ ಮಾರಾಟಗಾರರು ದುಡ್ಡಿಗಾಗಿ ಮಾಡಿದ್ದನ್ನು 1987ರಲ್ಲಿ ನಾನು ಪ್ರೀತಿಯಿಂದ ಮಾಡಿದ್ದೆ, ಗಡಿಗೆಯ ಪಾಲಿಗೆ ಎರಡೂ ಒಂದೇ ಆಯಿತು.

ತಮ್ಮಲ್ಲಿ ಎರಡು ಕೋರಿಕೆಗಳಿವೆ. ಮುಂದಿನ ಭಾನುವಾರ ಚಿತ್ರದ ವಿವರಣೆಯನ್ನು ತಿದ್ದಿ, ‘ಜಪೋಟೆಕ್ ಮೂರ್ತಿಪಾತ್ರೆ, ವಹಾಕಾ, ಮೆಕ್ಸಿಕೊ. ಗೋರಿಗಳಲ್ಲೂ ಗುಡಿಗಳಲ್ಲೂ ಇಡುತ್ತಿದ್ದರು. ಚಿತಾಭಸ್ಮ ಇರುತ್ತಿರಲಿಲ್ಲ’ ಎಂದು ಪ್ರಕಟಿಸಬೇಕು. ಆ ಸಂಗ್ರಹಾಲಯದ ಪಟ್ಟಿಯಲ್ಲಿ ಸಿಕ್ಕ ಊರು ನಮೂದಾಗಿದ್ದರೆ ಅದನ್ನೂ ಸೇರಿಸಬೇಕು, ಇಲ್ಲದಿದ್ದರೆ ‘ಸಿಕ್ಕ ಜಾಗ ದಾಖಲಾಗಿಲ್ಲ’ ಎಂದು ಬರೆಯಬೇಕು. ಎರಡನೆಯದು ನಮ್ಮ ಮೂರು ಜಿಲ್ಲೆಗಳ ಓದುಗರ ಮೂಲಕ ಆಗಬೇಕಾದದ್ದು. ಬಾವಿ ತೋಡುವಾಗ, ಹೊಲ ಸಮ ಮಾಡಿಸುವಾಗ, ಕಾಲುವೆ ಅಗೆಯುವಾಗ ಇಂಥವು ಸಿಕ್ಕಿದರೆ ಎತ್ತದೆ, ತೊಳೆಯದೆ, ಇದ್ದಲ್ಲೇ ಮೊಬೈಲಿನಲ್ಲಿ ಚಿತ್ರ ತೆಗೆದು, ಸರ್ವೆ ನಂಬರಿನೊಡನೆ ತಹಶೀಲ್ದಾರರಿಗೋ ಪುರಾತತ್ವ ಇಲಾಖೆಗೋ ತಿಳಿಸಬೇಕೆಂದು ನಿಮ್ಮ ಜಿಲ್ಲಾ ಪುಟದಲ್ಲಿ ಆಗಾಗ ನಾಲ್ಕು ಸಾಲು ಹಾಕಿದರೆ ಉಪಕಾರವಾದೀತು. ಶಾಲೆಗಳ ಕಪಾಟುಗಳಲ್ಲಿ ನನ್ನದರಂತಹ ಗಡಿಗೆಗಳು ಇನ್ನೂ ಇದ್ದಾವು. ಅವುಗಳನ್ನು ತಂದ ಶಿಕ್ಷಕರು ಬದುಕಿರುವಾಗಲೇ ಅವರನ್ನು ಕೇಳಿ ಬರೆದುಕೊಳ್ಳುವುದು ಒಳಿತು.

ನನ್ನ ಗಡಿಗೆಯನ್ನು ಒಪ್ಪಿಸಲು ಮುಖ್ಯೋಪಾಧ್ಯಾಯರ ಸಮ್ಮತಿ ಪಡೆದು ಇಲಾಖೆಗೆ ಬರೆದಿದ್ದೇನೆ. ಅಂದು ಜೊತೆಗಿದ್ದ ಹುಡುಗರಲ್ಲಿ ಇಬ್ಬರು ಸಿಕ್ಕರು, ಇಬ್ಬರಿಗೂ ಈಗ ಐವತ್ತು ದಾಟಿದೆ. ಮೂವರೂ ಕೂಡಿ ಆ ಗುಡ್ಡಕ್ಕೆ ಹೋಗಿ ಕೊರಕಲನ್ನು ಹುಡುಕಿದೆವು. ಒಬ್ಬನು ಬೇವಿನ ಮರದ ಎಡಕ್ಕೆ ಎಂದರೆ, ಇನ್ನೊಬ್ಬನು ಬಲಕ್ಕೆ ಎಂದನು. ಬೇವಿನ ಮರವೇ ಈಗ ಇಲ್ಲ. ಹೀಗಾಗಿ ಹೊಸ ಚೀಟಿಯಲ್ಲಿ ಊರು, ಗುಡ್ಡದ ಹೆಸರು, ವರ್ಷ, ಸುಮಾರಾಗಿ ಗುಡ್ಡದ ಯಾವ ಮಗ್ಗುಲು ಎಂಬಿಷ್ಟನ್ನು ಬರೆದು, ಆಳವೆಷ್ಟು, ಒಳಗೇನಿತ್ತು ಎಂಬ ಎರಡು ಸಾಲುಗಳನ್ನು ಖಾಲಿ ಬಿಟ್ಟಿದ್ದೇನೆ. ಆ ಗಡಿಗೆಯ ಚಿತ್ರ ಎಂದಾದರೂ ನಿಮ್ಮ ಪುರವಣಿಯಲ್ಲಿ ಬರುವಂತಾದರೆ, ದಯವಿಟ್ಟು ಅದನ್ನೂ ಅಸ್ಥಿಕಲಶವೆಂದು ಬರೆಯಬೇಡಿ. ಆಗಿದ್ದರೂ ಆಗಿದ್ದೀತು. ಅದನ್ನು ಹೇಳಬಹುದಾಗಿದ್ದ ಮಣ್ಣು ಶಾಲೆಯ ನಲ್ಲಿಯ ನೀರಿನೊಡನೆ ಅಂದೇ ಚರಂಡಿ ಸೇರಿತು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಶಿಕ್ಷಕ
ಗಂಗಾವತಿ, ಕೊಪ್ಪಳ ಜಿಲ್ಲೆ